ಅತ್ತೆಯ ತೋಳಿನ ಗೆರೆ

ಜನವರಿ 9, ಬೆಳಿಗ್ಗೆ

ಇವತ್ತೂ ಮೊಸರು ಹೆಪ್ಪುಗಟ್ಟಲಿಲ್ಲ. ಪಾತ್ರೆ ಓರೆ ಮಾಡಿದರೆ ಹಾಲು ಹಾಲೇ. ಅತ್ತೆ ಶ್ರೀಮತಿ ಗುರುಶಾಂತವ್ವನವರ ತೀರ್ಪು ತಯಾರಿತ್ತು— "ಮಹೇಶ್ವರಿ, ನಿನ್ನ ಕೈಗುಣ ಕೆಟ್ಟೈತಿ ನೋಡು." ಮೊನ್ನೆಯವರೆಗೆ ಇದೇ ಕೈ ಹಾಕಿದ ಹೆಪ್ಪಿಗೆ ಗಡ್ಡೆಯಂಥ ಮೊಸರು ಬರುತ್ತಿತ್ತು. ಯಾರಿಗೆ ಹೇಳೋಣ.

ಆಕಳಿಗೆ ಕೆಚ್ಚಲು ಬಾವು. ನಮ್ಮವರು—ರವೀಂದ್ರ ಡಾಕ್ಟರು!—ಹೋದ ಸಲ ಉಳಿದಿದ್ದ ಔಷಧದ ಟ್ಯೂಬನ್ನೇ ಮೊಲೆತೊಟ್ಟಿಗೆ ಹಾಕಿದರು. ಬಾವು ಇಳಿಯಿತು, ನಿಲ್ಲಿಸಿದರು. ಆ ಹಾಲು ಚೆಲ್ಲಲು ಅತ್ತೆ ಬಿಡಲಿಲ್ಲ.

ಜನವರಿ 12

ಬಾವು ಮತ್ತೆ ಬಂತು. ಈ ಸಲ ನಿಜವಾದ ಪಶುವೈದ್ಯರು, ವಿನೋದ, ಬಂದರು. ಮೊಸರಿನ ಗೋಳು ಹೇಳಿದೆ. ನಕ್ಕರು. "ಹೆಪ್ಪಿನ್ಯಾಗ ಇರೋವೂ ಜೀವಾಣುನ ರೀ ಅಕ್ಕಾರ. ಟ್ಯೂಬಿನ ಔಷಧ ಹಾಲಿಗೆ ಇಳದು ಅವನ್ನೂ ಕೊಂದೈತಿ."

ಹೆಪ್ಪಿಗೆ ಜೀವ ಇದೆ! ಮದುವೆಯಾದಾಗಿನಿಂದ ದಿನಾ ಸಂಜೆ ಒಲೆಯ ಪಕ್ಕ ಬಟ್ಟೆ ಹೊದಿಸಿ ಮಲಗಿಸಿದ್ದು ಜೀವಗಳನ್ನು! ಮೈ ಜುಂ ಎಂದಿತು.

ನಮ್ಮವರಿಗೆ ವಿನೋದರಿಂದ ಬೈಗುಳ ಬಿತ್ತು. "ಔಷಧ ಅರ್ಧಕ್ಕ ಬಿಟ್ರ ಬಡಕಲು ಜೀವಾಣು ಸಾಯ್ತಾವ, ಗಟ್ಟಿ ಇದ್ದವು ಉಳೀತಾವ. ಅವುಗಳ ಮಕ್ಕಳಿಗೆ ಈ ಔಷಧ ನೀರಿದ್ದಂಗ." ಅತ್ತೆ ದನಿಗೂಡಿಸಿದರು: "ಬೆಂಕಿ, ಹಗೆ, ರೋಗ... ಶೇಷ ಇಡಬಾರದು."

ಜನವರಿ 21

ಹುಲ್ಲು ಕೊಯ್ಯುವಾಗ ಅತ್ತೆಯ ಬೆರಳಿಗೆ ಕುಡಗೋಲು ತಾಗಿತ್ತು. ಅದೇ ಕೈಯಲ್ಲಿ ಹಾಲು ಕರೆದರು. ಈಗ ಮುಂಗೈ ಊದಿದೆ. ಹೋದ ವರ್ಷ ಹಲ್ಲಿನ ಕೀವಿಗೆ ಕೊಟ್ಟಿದ್ದ, ಜೀವಾಣು ಕೊಲ್ಲುವ ಗುಳಿಗೆ ಸಾಸಿವೆ ಡಬ್ಬಿಯಿಂದ ಹೊರಬಂತು. ಎರಡು ನುಂಗಿದರು. ಉಳಿದದ್ದು ವಾಪಸ್ ಡಬ್ಬಿಗೆ. "ನೋವು ಕಡಿಮಿ ಆತು. ಮುಂದ ಯಾರಿಗಾರ ಬೇಕಾಗ್ತೈತಿ."

ಶೇಷ ಇಡಬಾರದು ಎಂದವರು ಇವರೇ! ಓಣಿಯಲ್ಲಿ ಯಾರು ಕೆಮ್ಮಿದರೂ ಆ ಡಬ್ಬಿಯಿಂದ ಒಂದು ಗುಳಿಗೆ ಹೋಗುತ್ತದೆ. ಕೊಡುವ ಕೈ, ಏನನ್ನೂ ಚೆಲ್ಲದ ಕೈ.

ಜನವರಿ 26, ಶಿರಸಿ, ಆಸ್ಪತ್ರೆ

ಅತ್ತೆಯ ಕೈಯ ಕೆಂಪು ಮೊಣಕೈ ಮುಟ್ಟಿದೆ. ಜ್ವರ. ಡಾಕ್ಟರ್ ತನುಜಾ ಕೆಂಪು ನಿಂತ ಕಡೆ ತೋಳಿನ ಸುತ್ತ ಪೆನ್ನಿನಲ್ಲಿ ಗೆರೆ ಎಳೆದರು. ಇದನ್ನು ದಾಟುತ್ತ ಹೋದರೆ ಕೈ ತೆಗೆಯಬೇಕಾದೀತು ಎಂದರು. ಬಲಗೈ.

ಸಂಜೆ—ದಾಟಿದೆ. ಔಷಧ ಬದಲು. ಹೊಸ ಗೆರೆ.

ಜನವರಿ 28

ಇನ್ನೊಂದು ಗೆರೆ.

ತನುಜಾ ಲ್ಯಾಬಿಗೆ ಕರೆದು ತೋರಿಸಿದರು. ಪುಟ್ಟ ತಟ್ಟೆಯಲ್ಲಿ ಅತ್ತೆಯ ಕೀವಿನಿಂದ ಬೆಳೆಸಿದ ಜೀವಾಣು. ನಡುನಡುವೆ ಒಂದೊಂದು ಬೇರೆ ಔಷಧ ಹಾಕಿದ ಬಿಲ್ಲೆಗಳು. ಔಷಧ ನಾಟಿದರೆ ಬಿಲ್ಲೆಯ ಸುತ್ತ ಬರಿದಾಗಿರಬೇಕಂತೆ. ಇಲ್ಲಿ ಬೇಲಿಗೂಟಕ್ಕೆ ಹುಲ್ಲು ಒತ್ತಿಕೊಂಡಂತೆ ಅಂಚಿನವರೆಗೂ ಬೆಳೆದಿದೆ. ಬಂಗಾರದ ಬಣ್ಣ! ಇಷ್ಟು ಚೆಂದ ಇರುತ್ತದೆಂದು ಯಾರೂ ಹೇಳಿರಲಿಲ್ಲ. ಕಣ್ಣಿಲ್ಲ, ಕೈಯಿಲ್ಲ, ಗುರುವಿಲ್ಲ... ನಾವು ಎಸೆದದ್ದನ್ನೆಲ್ಲ ಗೆಲ್ಲಲು ಕಲಿತಿವೆ. ಹೆದರಬೇಕಿತ್ತು. ಮೊದಲು ಬಂದದ್ದು ಬೆರಗು. ಕೈ ಮುಗಿಯಬೇಕೆನಿಸಿತು—ಅತ್ತೆಯ ಕೈ ತಿನ್ನುತ್ತಿರುವುದಕ್ಕೆ!

ಆಕಳಿಂದ ಬಂತೋ, ಗುಳಿಗೆ ಡಬ್ಬಿಯಿಂದಲೋ? ಕೇಳಿದೆ.

"ಎರಡೂ ಇರಬಹುದು. ಹೇಳಲಿಕ್ಕೆ ಬರೂದಿಲ್ಲ." ಒಂದೇ ಒಂದು ಬಿಲ್ಲೆಯ ಸುತ್ತ ಬರಿದಾದ ಉಂಗುರವಿತ್ತು. ಅದನ್ನು ಮುಟ್ಟಿ ತೋರಿಸಿದರು. "ನಮ್ಮ ಹತ್ರ ಉಳದಿದ್ದು ಇದೊಂದೇ."

ಇವತ್ತಿನಿಂದ ಅದರ ಡ್ರಿಪ್.

ಜನವರಿ 31, ಬೆಳಿಗ್ಗೆ

ಕೆಂಪು ಈಗ ಗೆರೆಯ ಕೆಳಗೆ! ಎರಡು ಬೆರಳಿನಷ್ಟು ಹಿಂದೆ ಸರಿದಿದೆ. ಬಾತ್‌ರೂಮಿಗೆ ಹೋಗಿ ಮನಸಾರೆ ಅತ್ತುಬಿಟ್ಟೆ. ಕೈ ಉಳಿಯುತ್ತದೆ ಎಂದರು ತನುಜಾ. ಆದರೆ ಡ್ರಿಪ್ ನಡುವೆ ನಿಲ್ಲಿಸುವಂತಿಲ್ಲ.

ಎದುರು ಹಾಸಿಗೆಗೆ ಮೊನ್ನೆಯೇ ಮಂಚಿಕೇರಿ ಕಡೆಯ ಬಾಣಂತಿ ಬಂದಿದ್ದಾಳೆ. ಕೂಸಿನ ಕಾಲು ಕೆಂಪಗೆ ಊದಿದೆ. ತನುಜಾ ನರ್ಸಿಗೆ ಮೆಲ್ಲಗೆ ಹೇಳಿದ್ದು ಕೇಳಿಸಿತು—ಆ ಕೂಸಿನ ತಟ್ಟೆಯಲ್ಲಿ ಉಂಗುರವೇ ಇಲ್ಲ. ಅತ್ತೆಯ ಔಷಧಕ್ಕೂ ಇಲ್ಲ. ಹುಬ್ಬಳ್ಳಿಗೆ ಕಳಿಸುತ್ತಾರಂತೆ.

ಅತ್ತೆಗೆ ಕೇಳಿಸಿದ್ದು ಕೂಸಿನ ಅಳು ಮಾತ್ರ. ನನ್ನ ಸೆರಗು ಜಗ್ಗಿ ಡ್ರಿಪ್ ಬಾಟಲಿ ತೋರಿಸಿದರು.

"ನಂಗ ಆರಾಮ ಆತವ್ವ. ಅದರಾಗ ಇನ್ನೂ ಅರ್ಧ ಐತಿ ನೋಡು. ಆ ಕೂಸಿಗೆ ಹಾಕ್ರಿ ಅಂತ ಹೇಳ..."

ಹೇಗೆ ಹೇಳಲಿ ಇವರಿಗೆ, ಅದು ಆ ಕೂಸಿಗೆ ನೀರಿದ್ದಂತೆ ಎಂದು—