ಇಲ್ಲಿ ಕಾಯಿರಿ

ಶಿರಿಯ
16 ಜುಲೈ 2025

ಕೋಪದಲ್ಲೇ ಬಸ್ಸು ಹತ್ತಿದ ಪ್ರವೀತರಿಗೆ,

ಕಾಗದ ಕಂಡು ನಗಬೇಡಿ. ವೀಡಿಯೋ ಕಾಲ್‌ನಲ್ಲಿ ಮುಖ ಕಾಣುತ್ತದೆ, ಕಿವಿ ಕೇಳದ ನಿಮಗೆ ನನ್ನ ಮುಖ ಓದಲು ಅರೆಗಳಿಗೆ ಸಾಕು. ಕಾಗದದಲ್ಲಾದರೆ ನನ್ನ ಬಿಗುಮಾನ ಸ್ವಲ್ಪ ಉಳಿಯುತ್ತದೆ.

ಸ್ಪಂದನಾಳಿಗೆ ಜ್ವರ ಬಂದಿತ್ತು. ಹೆದರಬೇಡಿ, ಇಳಿದಿದೆ. ಆಸ್ಪತ್ರೆಯ ಕೌಂಟರಿನ ಮೇಲೆ ಹೊಸ ಟಿ.ವಿ. ಹಾಕಿದ್ದಾರೆ. ನೀಲಿ ಅಂಗಿಯ ಕಂಪ್ಯೂಟರ್ ಗೊಂಬೆಯೊಂದು ಅದರಲ್ಲಿ ಕೈಸನ್ನೆ ಮಾಡುತ್ತದೆ: ಟೋಕನ್ ತೆಗೆದುಕೊಳ್ಳಿ, ಇಲ್ಲಿ ಕಾಯಿರಿ. ನೀವು ತಿರುವನಂತಪುರಕ್ಕೆ ಹೊರಟಾಗ, ಮೈಗೆಲ್ಲ ವಯರು ಅಂಟಿಸಿಕೊಂಡು ಗೊಂಬೆಗೆ ಸನ್ನೆ ಕಲಿಸುವುದೂ ಒಂದು ಕೆಲಸವಾ ಎಂದು ಹಂಗಿಸಿದ್ದೆನಲ್ಲ, ಅದೇ ಗೊಂಬೆ ಇದು ಎಂದು ನನಗೆ ಹೊಳೆಯಲೇ ಇಲ್ಲ. ಹೊಳೆದದ್ದು ನಿಮ್ಮ ಹಾಗೆಯೇ ಕಿವಿ ಕೇಳದ ಮಗಳಿಗೆ. ಮುಖ ಯಾರದೋ, ಮೀಸೆಯೂ ಇಲ್ಲ. ಆದರೆ ಮಾತು ಮುಗಿದ ಕೂಡಲೇ ಬಲೆ ಎಳೆದು ನೀರು ಕೊಡಹಿದ ಹಾಗೆ ಎಡಗೈ ಕೊಡಹುವುದುಂಟಲ್ಲ, ಅದು ನೀವೇ. ಅವಳು ನನ್ನ ಶಾಲು ಎಳೆದು, ಅಪ್ಪ ಎಂದು ಸನ್ನೆ ಮಾಡಿದಳು.

ಡಾಕ್ಟರು ನೋಡಿಯಾಯಿತು, ಮದ್ದೂ ಸಿಕ್ಕಿತು. ಹೊರಡೋಣವೆಂದರೆ ಮಗಳು ಬೆಂಚು ಬಿಡಲಿಲ್ಲ. ಅಪ್ಪ ಇಲ್ಲಿ ಕಾಯಲು ಹೇಳಿದ್ದಾನೆ, ಬರುತ್ತಾನೆ ಎಂದಳು. ಗೊಂಬೆ ಎಲ್ಲರಿಗೂ ಅದನ್ನೇ ಹೇಳುವುದು ಎಂದು ವಿವರಿಸಿದೆ. ಕೇಳಬೇಕಲ್ಲ, ನಿಮ್ಮದೇ ಹಟ! ಟಿ.ವಿ.ಯ ಎದುರು ಹೋಗಿ ನಿಂತು, ಯಾವಾಗ ಬರುತ್ತೀ ಎಂದು ಕೇಳಿದಳು. ಗೊಂಬೆ ಮತ್ತೆ ಹೇಳಿತು, ಇಲ್ಲಿ ಕಾಯಿರಿ. ನೋಡಿದೆಯಾ ಎನ್ನುವಂತೆ ನನ್ನತ್ತ ತಿರುಗಿದಳು. ನನಗೆ ಅಳು ತಡೆಯಲಾಗಲಿಲ್ಲ.

ಕೌಂಟರ್ ಮುಚ್ಚಿದ ಮೇಲೆ ವಾಚ್‌ಮನ್ ಚೆನ್ನಯ್ಯಣ್ಣ ಬಂದು, ನಿಮ್ಮ ನಂಬರ್ ಆಯ್ತಲ್ಲ ಮಾರಾಯ್ತಿ, ಇನ್ನು ಎಂತಕ್ಕೆ ಕೂತದ್ದು ಎಂದು ಕೇಳಿದರು. ಇವಳ ಅಪ್ಪ ಬರ್ಲಿಕ್ಕುಂಟು ಎಂದುಬಿಟ್ಟೆ. ಅವರು ಟಿ.ವಿ. ಆರಿಸಿದರು. ಅವಳನ್ನು ಎತ್ತಿಕೊಂಡು ಬಸ್ಸಿಗೆ ಬರುವಷ್ಟರಲ್ಲಿ ನನ್ನ ಭುಜವೆಲ್ಲ ಒದ್ದೆ.

ನಿಮ್ಮ ಕೆಲಸ ಸಣ್ಣದಲ್ಲ, ಅದನ್ನೂ ಹೇಳಿಬಿಡುತ್ತೇನೆ. ಕಿವಿ ಕೇಳದ ಅಜ್ಜಿಯೊಬ್ಬರು ಗೊಂಬೆಯನ್ನು ನೋಡಿ, ಯಾರ ಕೈಯನ್ನೂ ಹಿಡಿಯದೆ ಸರಿಯಾದ ಬಾಗಿಲಿಗೇ ಹೋದರು. ಆದರೆ ಮಗಳಿಗೆ ತಿರುಗಿ ಉತ್ತರ ಕೊಡುವ ಕೈ ಬೇಕು. ಒಮ್ಮೆ ಬಂದು ಹೋಗಿ. ಅವಳಿಗಾಗಿ ಹೇಳಿದ್ದು, ನನಗೇನೂ ಇಲ್ಲ.

ನಿಶ್ಮಿತಾ

ತಾ.ಕ.: ಜ್ವರ ಬಿಟ್ಟು ವಾರವಾಯಿತು. ನಿನ್ನೆ ಮಗಳನ್ನು ಅಂಗನವಾಡಿಯಲ್ಲಿ ಬಿಟ್ಟು ನಾನೊಬ್ಬಳೇ ಆಸ್ಪತ್ರೆಗೆ ಹೋಗಿದ್ದೆ. ಟೋಕನ್ ತೆಗೆದುಕೊಳ್ಳಲಿಲ್ಲ. ಟಿ.ವಿ. ಆರಿಸುವವರೆಗೂ, ನೀವು ಹೇಳಿದ ಹಾಗೆ, ಅಲ್ಲೇ ಕಾದೆ.