ತಪಾಸಣಾ ಕೋಣೆಯ ಕುರ್ಚಿಗೆ ಹಾಕಿರುವ ಬೋಲ್ಟುಗಳ ಬಗ್ಗೆ

ಸಿಟಿ ಬಸ್ ಸಿಬ್ಬಂದಿಯ ಆರೋಗ್ಯ ತಪಾಸಣಾಧಿಕಾರಿಗಳೇ,

ಹೋದ ವಾರ ತಾವು ನನ್ನ ಎಡಗೈಯನ್ನು ವಿಚಾರಿಸಿ, ನಾನು ಕಂಡಕ್ಟರ್ ಕೆಲಸಕ್ಕೆ ನಾಲಾಯಕ್ಕು ಎಂದು ತೀರ್ಪು ಕೊಟ್ಟಿರಿ. ಬಲಗೈಯನ್ನು ಕೇಳಲೇ ಇಲ್ಲ. ನನ್ನ ತಕರಾರು ಇದೇ.

ನನಗಿರುವುದು ಟಕಯಾಸು ಎಂಬ ಕಾಯಿಲೆ. ಹೃದಯದಿಂದ ಹೊರಡುವ ಮಹಾಧಮನಿಗೂ ಅದರ ಕವಲುಗಳಿಗೂ ಉರಿಯೂತ ಬಂದು, ಗೋಡೆ ದಪ್ಪಗಾಗಿ, ರಕ್ತದ ದಾರಿ ಕಿರಿದಾಗುತ್ತದೆ. ಬಸ್ಸಿನ ಮೇಲುಗಂಬಿ ಹಿಡಿದರೆ ಎಡಗೈ ಸೋತು ಬರುತ್ತಿತ್ತು. ಕೆಲಸದ ಆಯಾಸವೆಂದು ಮುಲಾಮು ತಿಕ್ಕಿಕೊಂಡೇ ಕಾಲ ತಳ್ಳಿದೆ. ಈಗ ಆ ಕೈಯಲ್ಲಿ ನಾಡಿಯೇ ಸಿಗುವುದಿಲ್ಲ. ಬಲಗೈಯಲ್ಲಿ ಧಾರಾಳವಾಗಿದೆ. ಬಿಪಿಯನ್ನು ಅಲ್ಲೇ ನೋಡಬೇಕು, ಹತೋಟಿಯಲ್ಲಿದ್ದರೆ ಕೆಲಸಕ್ಕೆ ಅಡ್ಡಿಯಿಲ್ಲ ಎಂದಿದ್ದಾರೆ ನನ್ನ ಡಾಕ್ಟರು.

ಆದರೆ ತಮ್ಮ ಸನ್ನಿಧಿಯಲ್ಲಿ ಬಲಗೈಗೆ ಪ್ರವೇಶವೆಲ್ಲಿ? ಯಾರಾದರೂ ಹೊತ್ತೊಯ್ದಾರೆಂದು ಕುರ್ಚಿಯನ್ನು ನೆಲಕ್ಕೂ ಬಿಪಿ ಯಂತ್ರವನ್ನು ಮೇಜಿಗೂ ಬೋಲ್ಟ್ ಹಾಕಿ ಬಿಗಿಸಿದ್ದೀರಿ. ಯಂತ್ರದಿಂದ ತೋಳಿಗೆ ಸುತ್ತುವ ಪಟ್ಟಿ ಎಟುಕುವುದು ಎಡಗೈಗೆ ಮಾತ್ರ. ಪಟ್ಟಿ ಉಬ್ಬಿತು, ನಿಟ್ಟುಸಿರು ಬಿಟ್ಟಿತು, ಮತ್ತೆ ಉಬ್ಬಿತು.

"ಏನೂ ತೋರಿಸ್ತಿಲ್ವಲ್ಲಮ್ಮಾ?"

"ಈ ಕೈಲಿ ಬರಲ್ಲ ಸಾರ್. ಆ ಕೈ ನೋಡಿ."

"ಅದು ಎಟುಕಲ್ಲ."

"ಹಾಗಾದ್ರೆ ತಿರುಗಿ ಕೂತ್ಕೋತೀನಿ."

ಕೂತೆ. ಕುರ್ಚಿಯ ಬೆನ್ನನ್ನು ತಬ್ಬಿಕೊಂಡು, ಎರಡೂ ಕಡೆ ಕಾಲು ಇಳಿಬಿಟ್ಟು. ಬಾಗಿಲಲ್ಲಿ ಸರದಿ ಕಾಯುತ್ತಿದ್ದ ನಮ್ಮ ಬಸ್ಸಿನ ಡ್ರೈವರಣ್ಣ, "ಗಟ್ಟಿಯಾಗಿ ಹಿಡ್ಕೊಳಮ್ಮಾ, ಮುಂದೆ ತಿರುವಿದೆ!" ಎಂದು ಕೂಗಿದ. ಸಾಲೆಲ್ಲ ನಕ್ಕಿತು, ನಾನೂ ನಕ್ಕೆ. ಯಂತ್ರ ಒಳ್ಳೆಯ ಅಂಕಿಯನ್ನೇ ತೋರಿಸಿತು. ತಾವು ಮಾತ್ರ ನಗಲಿಲ್ಲ. "ಬೆನ್ನು ಒರಗಿಸಿ ಕೂತಿಲ್ಲ, ಇದು ಲೆಕ್ಕಕ್ಕಿಲ್ಲ," ಎಂದಿರಿ. ನನ್ನ ರಕ್ತ ಹರಿಯುತ್ತಿದೆಯೋ ಇಲ್ಲವೋ ಎಂಬುದನ್ನು ಆ ಬೋಲ್ಟು ಬಿಗಿದ ಬಡಗಿಯೊಬ್ಬ ತೀರ್ಮಾನಿಸಿದ್ದಾನೆಂದು ಆಗ ತಿಳಿಯಿತು.

ಇಷ್ಟೇ ಆಗಿದ್ದರೆ ಮನೆಯಲ್ಲಿ ಬೈದುಕೊಂಡು ಸುಮ್ಮನಿರುತ್ತಿದ್ದೆ. ಆದರೆ ಹೋದ ವರ್ಷ, ಕಾಯಿಲೆಯ ಹೆಸರೇ ನನಗೆ ಗೊತ್ತಿಲ್ಲದಾಗ, ರಕ್ತದ ದಾರಿ ಆಗಲೇ ಕಿರಿದಾಗಿದ್ದ ಇದೇ ಎಡಗೈ ತೀರ ಕಡಿಮೆ ಅಂಕಿ ತೋರಿಸಿತ್ತು. "ಭೇಷ್, ಹದಿನಾರರ ಹುಡುಗಿ ಬಿಪಿ!" ಎಂದು ತಾವು ಹೊಗಳಿದಿರಿ. ನಾನು ಹಿಗ್ಗಿ ಹೀರೇಕಾಯಿಯಾಗಿ ಮನೆಗೆ ಹೋಗಿ ಗಂಡನೆದುರು ಜಂಬ ಕೊಚ್ಚಿದೆ. ಆಮೇಲೆ ಆಸ್ಪತ್ರೆಯಲ್ಲಿ ಮೊದಲ ಸಲ ಬಲಗೈ ನೋಡಿದ ನರ್ಸಮ್ಮ ಡಾಕ್ಟರನ್ನು ಕರೆಯಲು ಓಡಿದರು. ಒತ್ತಡ ಅಷ್ಟು ಏರಿತ್ತು. ಆ ಓಟ ನೆನೆದರೆ ಈಗಲೂ ಹೆದರಿಕೆಯಾಗುತ್ತದೆ.

ಆದ್ದರಿಂದ ಆ ಬೋಲ್ಟುಗಳನ್ನು ಬಿಚ್ಚಿಸಿ. ನನ್ನನ್ನು ಮತ್ತೆ ಕರೆದು ಸರಿಯಾಗಿ ಪರೀಕ್ಷಿಸಿ, ನನ್ನ ಬಸ್ಸಿಗೆ ಕಳಿಸಿಕೊಡಿ. ಉಳಿದವರದೂ ಎರಡೂ ಕೈ ನೋಡಿ. ಅವರಲ್ಲಿ ಯಾರೋ ಒಬ್ಬರು ಇವತ್ತು ತಮ್ಮ ಹೊಗಳಿಕೆ ಕೇಳಿಕೊಂಡು, ಖುಷಿಯಾಗಿ ಮನೆಗೆ ಹೋಗುತ್ತಿರಬಹುದು.

ಇಂತಿ,
ತಮ್ಮ ಕೋಣೆಯ ಹೊರಗೆ ಎಲ್ಲೆಲ್ಲೂ ಜೀವಂತವಾಗಿರುವ
ಒಬ್ಬ ಕಂಡಕ್ಟರಮ್ಮ