ಮಾತ್ರೆ ನಿಲ್ಲಿಸುವ ಮುನ್ನ

ಮಾರ್ಚ್ ೧೪, ಗುರುವಾರ

ಪ್ರೀತಿಯ ಅಕ್ಕ,

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕೂತಿದ್ದೆ, ಬೈಯಬೇಡ. ಖಚಿತವಾದ ಸುದ್ದಿಯೊಂದು ಸಿಗಲಿ ಅಂತ ಕಾಯುತ್ತಿದ್ದೆ. ನೀನು, ಭಾವ, ಪುಟ್ಟಿ ಎಲ್ಲ ಕ್ಷೇಮ ತಾನೆ?

ನಾನು ಚೆನ್ನಾಗಿದ್ದೇನೆ. ಒಂದೂವರೆ ವರ್ಷದ ಹಿಂದೆ ವಾಚು ರಿಪೇರಿಗೆ ಕೂತರೆ ಕೈ ನಡುಗಿ ಚಿಮಟವೇ ಕುಣಿಯುತ್ತಿತ್ತಲ್ಲ, ಈಗ ಸಾಸಿವೆಯಷ್ಟು ತಿರುಪನ್ನೂ ಒಂದೇ ಸಲಕ್ಕೆ ಕೂರಿಸುತ್ತೇನೆ. ಎದೆ ಡವಗುಟ್ಟುವುದು ನಿಂತಿದೆ. ರಕ್ತದಲ್ಲಿ ಥೈರಾಯ್ಡ್ ಮಟ್ಟ ಸರಿಹೋಗಿ ಆರು ತಿಂಗಳಾಯಿತು. ಇನ್ಯಾಕೆ ಮಾತ್ರೆ, ಬಿಟ್ಟುಬಿಡು ಅಂತ ನಮ್ಮವರದು ಒಂದೇ ರಾಗ.

ಡಾಕ್ಟರಮ್ಮ ಒಪ್ಪಲಿಲ್ಲ. ರೋಗದ ವಿರುದ್ಧ ಹೋರಾಡಬೇಕಾದ ಪ್ರತಿಕಾಯಗಳಲ್ಲಿ ಕೆಲವು ದಾರಿ ತಪ್ಪಿ ನಮ್ಮ ಥೈರಾಯ್ಡ್ ಗ್ರಂಥಿಯನ್ನೇ ಕೆಣಕುತ್ತವಂತೆ. ಮಾತ್ರೆ ಗ್ರಂಥಿಯನ್ನು ಹತೋಟಿಯಲ್ಲಿಟ್ಟಿದೆ, ಸರಿ. ಕೆಣಕುವವರು ತೊಲಗಿದರೋ ಇಲ್ಲವೋ ತಿಳಿಯಲು ಅವರನ್ನೇ ಅಳೆಯಬೇಕು. ನನಗೆ ಕುತೂಹಲ ತಡೆಯಲಾಗಲಿಲ್ಲ. ಕಣ್ಣಿಗೆ ಕಾಣದ್ದನ್ನು ಹೇಗಮ್ಮ ಅಳೀತೀರಿ ಅಂತ ಲ್ಯಾಬಿನಾಕೆಯ ತಲೆ ತಿಂದೆ. ಆಕೆ ಬೇಸರಿಸದೆ ಯಂತ್ರ ತೋರಿಸಿದಳು. ನಮ್ಮ ರಕ್ತದ ಜೊತೆ, ಪ್ರತಿಕಾಯ ಅಂಟಿಕೊಳ್ಳುವಂಥದ್ದನ್ನು ಅದರೊಳಗೆ ಹಾಕಿ, ಎಷ್ಟು ಅಂಟಿತು ಅನ್ನುವುದನ್ನು ಬೆಳಕಿನ ಲೆಕ್ಕದಲ್ಲಿ ಹಿಡಿಯುತ್ತಾರಂತೆ.

ಫಲಿತಾಂಶ ನಿನ್ನೆ ಬಂತು. ಇಳಿದಿದೆ, ಆದರೂ ಇರಬೇಕಾದ್ದಕ್ಕಿಂತ ಎರಡು ಪಟ್ಟು. ಈಗ ಮಾತ್ರೆ ಬಿಟ್ಟರೆ ಕಾಯಿಲೆ ಮರಳುತ್ತದಾ ಅಂತ ಡಾಕ್ಟರಮ್ಮನನ್ನು ಕೇಳಿದೆ.

"ಮರಳೋ ಸಾಧ್ಯತೆಯೇ ಹೆಚ್ಚು. ಖಂಡಿತ ಅಂತ ಯಾರೂ ಹೇಳಲಾರರು. ಪೂರ್ತಿ ಇಳಿದಿದ್ದರೂ ಇನ್ನು ಬರೋದೇ ಇಲ್ಲ ಅಂತ ನಾನು ಬರೆದುಕೊಡ್ತಿರಲಿಲ್ಲ," ಅಂದರು.

ಮುಖ ಸಪ್ಪೆಯಾಯಿತು. ಆದರೆ ಗಿರಾಕಿಯ ಎದುರು ತಿರುಪು ಬೀಳಿಸಿಕೊಂಡು ನೆಲ ತಡಕುವುದಕ್ಕಿಂತ ದಿನಕ್ಕೊಂದು ಸಣ್ಣ ಮಾತ್ರೆ ವಾಸಿ. ಇನ್ನೊಂದು ವರ್ಷ ನುಂಗುವುದು, ಆಮೇಲೆ ಮತ್ತೆ ಅಳತೆ. ನಮ್ಮವರೂ ತಲೆಯಾಡಿಸಿದರು.

ಪುಟ್ಟಿ ಸುಖವಾಗಿ ಬೆಳೆಯಲಿ. ನಿನ್ನ ಆಶೀರ್ವಾದ ನನ್ನ ಮೇಲಿರಲಿ.

ನಿನ್ನ
ಗುಬ್ಬಿ

ಮತ್ತೊಂದು ಮಾತು: ಮನೆಯಲ್ಲಿ ಬೇರೆ ಯಾರಿಗಾದರೂ ಇತ್ತಾ ಅಂತ ಡಾಕ್ಟರಮ್ಮ ಕೇಳಿದರು. ಇಲ್ಲ ಅನ್ನಲು ಬಾಯಿ ತೆರೆದೆ, ಅಮ್ಮ ನೆನಪಾದಳು. ಚಳಿಯಲ್ಲೂ ಕಿಟಕಿ ತೆರೆದಿಡುತ್ತಿದ್ದಳು, ಎಷ್ಟು ತಿಂದರೂ ಬಡಕಲು, ಮಾತೆತ್ತಿದರೆ ಸಿಡಿಮಿಡಿ. ಅವಳಿಗೂ ಇದೇ ಇತ್ತೋ ಏನೋ. ಅವಳೇ ಇಲ್ಲದ ಮೇಲೆ ಈಗ ತಿಳಿಯುವ ದಾರಿಯಿಲ್ಲ. ನೀನಾದರೂ ಒಮ್ಮೆ ರಕ್ತ ಪರೀಕ್ಷೆ ಮಾಡಿಸು. ನಿನಗೆ ಹೇಳದೇ ಉಳಿಸಿಕೊಂಡದ್ದು ಇದು: ಕೊನೆಯ ಸಲ ಅವಳನ್ನು ನೋಡಿದಾಗ ಅವಳ ಕೈಯಿಂದ ಲೋಟ ಜಾರಿ ಒಡೆಯಿತು. "ನಿನ್ನ ಜೊತೆ ಮನುಷ್ಯರು ಬಾಳೋಕಾಗಲ್ಲ," ಅಂದುಬಿಟ್ಟೆ. ಅವತ್ತು ಅವಳು ತಿರುಗಿ ಬೈಯಲಿಲ್ಲ, ಅಕ್ಕ. ನಡುಗುವ ಕೈಗಳೆರಡನ್ನೂ ಕಂಕುಳಲ್ಲಿ ಅದುಮಿಕೊಂಡು ನಿಂತಳು.